ಹೆಸರು ಹಾಕಿದ್ದೇವಲ್ಲ ಎನ್ನುವವರಿಗೆ

"ನಿಮ್ಮ ಹೆಸರು ಹಾಕಿದ್ದೇವಲ್ಲ, ಇನ್ನೇನು ಬೇಕು?" ಮೊಬೈಲ್ ಆಟವೊಂದರ ಬಸ್ಸಿಗೆ ನನ್ನ ಅಕ್ಕನ ಮಗ ಬಿಡಿಸಿದ ಬಣ್ಣದ ವಿನ್ಯಾಸವನ್ನು ಕೇಳದೆ ಹಂಚಿದ ಒಂದು ಯೂಟ್ಯೂಬ್ ಚಾನೆಲ್ಲಿನವರು, ಅದನ್ನು ತೆಗೆಯಿರಿ ಎಂದ ಅವನಿಗೆ ಇವತ್ತು ಮಧ್ಯಾಹ್ನ ಕಳಿಸಿದ ಉತ್ತರ ಇದು. ಅದನ್ನು ಓದಿದಾಗಿನಿಂದ ನನಗೆ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಹುಡುಗನಿಗಿಂತ ಹೆಚ್ಚು ಸಿಟ್ಟು ಬಂದಿರುವುದು ನನಗೆ, ಹಾಗಾಗಿ ಬರೆಯುತ್ತಿದ್ದೇನೆ.

ಅವನ ಬಸ್ಸಿನ ಹುಚ್ಚು ಇಲ್ಲಿರುವ ನಿಮಗೆಲ್ಲ ಗೊತ್ತೇ ಇದೆ. ಹಾಸನದ ನಿಲ್ದಾಣದಲ್ಲಿ ಅವನು ತೆಗೆದ ಬಸ್ಸುಗಳ ಫೋಟೊಗಳನ್ನು ನಾನೇ ಇಲ್ಲಿ ಹಾಕಿ ನಿಮ್ಮನ್ನು ಬೇಸರಗೊಳಿಸಿದ್ದುಂಟು. ಅವನು ಆಡುವುದು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಎಂಬ ಮೊಬೈಲ್ ಆಟ. ಹುಡುಗರು ಅದನ್ನು ಬಸ್ಸಿಡ್ ಎನ್ನುತ್ತಾರೆ. ಮಲೆಯೊ ಎಂಬ ಇಂಡೋನೇಷ್ಯಾದ ಸಂಸ್ಥೆ 2017ರಲ್ಲಿ ಹೊರತಂದ ಈ ಆಟದಲ್ಲಿ ಆಡುವವರೇ ಬಸ್ಸಿಗೆ ಬಣ್ಣ ಬಳಿದು ಸೇರಿಸಿಕೊಳ್ಳಬಹುದು, ತಾವೇ ತಯಾರಿಸಿದ ವಾಹನದ ತ್ರೀಡಿ ಮಾದರಿಯನ್ನೂ ಒಳಗೆ ತರಬಹುದು. ಹೀಗಾಗಿಯೇ ಇಂಡೋನೇಷ್ಯಾದ ರಸ್ತೆಗಳಲ್ಲಿ ನಮ್ಮ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು, ಐರಾವತ, ರಾಜಹಂಸಗಳೆಲ್ಲ ಓಡುತ್ತಿವೆ. ಅವನ್ನು ಅಲ್ಲಿಗೆ ತಂದು ಓಡಿಸಿದವರು ಕಂಪನಿಯವರಲ್ಲ, ಕೈಯಲ್ಲಿ ಒಂದು ಫೋನ್ ಬಿಟ್ಟರೆ ಬೇರೇನೂ ಇಲ್ಲದ ನಮ್ಮ ಊರುಗಳ ಹುಡುಗರು.

ಲಿವರಿ ಎಂದು ಅವರು ಕರೆಯುವ ಈ ಬಣ್ಣದ ಕೆಲಸವನ್ನು ನಾನು ಅವನ ಪಕ್ಕದಲ್ಲಿ ಕೂತು ನೋಡಿದ್ದೇನೆ. ಬಸ್ಸಿನ ಮುಂಭಾಗ, ಹಿಂಭಾಗ, ಎರಡು ಬದಿಗಳನ್ನು ಬಿಡಿಸಿ ಹರಡಿದ ಒಂದೇ ಚಿತ್ರವಿರುತ್ತದೆ. ಅದರ ಮೇಲೆ ಪಿಕ್ಸೆಲ್‌ಲ್ಯಾಬ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಬೆರಳಿನಿಂದ ಗೆರೆ ಎಳೆಯಬೇಕು, ಒಂದು ಬದಿಯ ಪಟ್ಟಿ ಮೂಲೆಯಲ್ಲಿ ಇನ್ನೊಂದು ಬದಿಯ ಪಟ್ಟಿಗೆ ಸರಿಯಾಗಿ ಕೂಡಬೇಕು, ಕೂಡದಿದ್ದರೆ ಆಟದೊಳಗೆ ಬಸ್ಸು ಮುರಿದಂತೆ ಕಾಣುತ್ತದೆ. ನಿಗಮದ ಲಾಂಛನದ ಗಂಡಭೇರುಂಡವನ್ನು ಅವನು ಎಲ್ಲಿಂದಲೋ ಕತ್ತರಿಸಿ ಅಂಟಿಸಲಿಲ್ಲ, ರೆಕ್ಕೆಯ ಗರಿಗರಿಯನ್ನೂ ಹೊಸದಾಗಿ ಬಿಡಿಸಿದ. ನಂಬರ್ ಪ್ಲೇಟಿನಲ್ಲಿ ಹಾಸನದ ಕೆಎ-13 ಇದೆ, ಪಕ್ಕದಲ್ಲಿ ಸರ್ಕಾರಿ ಬಸ್ಸಿಗೆ ಇರಬೇಕಾದ ಎಫ್ ಇದೆ. ಹಿಂದಿನ ಗಾಜಿನ ಕೆಳಗೆ, ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಅವನ ಹೆಸರಿತ್ತು.

ಈ ಲಿವರಿಯನ್ನು ಅವನು ತನ್ನ ಪುಟದಲ್ಲಿ ಉಚಿತವಾಗಿ ಇಟ್ಟ. ಯಾರು ಬೇಕಾದರೂ ಇಳಿಸಿಕೊಂಡು ಆಡಬಹುದು, ಬೇರೆಯವರಿಗೆ ಹೇಳುವುದಾದರೆ ಈ ಪುಟದ ಕೊಂಡಿ ಕೊಡಿ, ಕಡತವನ್ನು ಮಾತ್ರ ಬೇರೆಡೆ ಏರಿಸಬೇಡಿ ಎಂದು ಅಲ್ಲೇ ಬರೆದಿದ್ದ. ಆ ಚಾನೆಲ್ಲಿನವರು ಅದನ್ನೇ ತಮ್ಮ ಖಾತೆಯಿಂದ ಮತ್ತೆ ಏರಿಸಿದರು. ಗಾಜಿನ ಕೆಳಗಿನ ಹೆಸರಿನ ಮೇಲೆ ಕೆಂಪು ಬಳಿದಿದ್ದರು. ಬಳಿದ ಕೆಂಪು ಬಸ್ಸಿನ ಕೆಂಪಿಗೆ ಹೊಂದದೆ ಅಲ್ಲೊಂದು ಕಲೆ ಎದ್ದು ಕಾಣುತ್ತಿತ್ತು. ಇಳಿಸಿಕೊಳ್ಳಬೇಕಾದರೆ ಜಾಹೀರಾತಿನ ಪುಟಗಳನ್ನು ಒಂದೊಂದಾಗಿ ದಾಟಬೇಕು, ಜಿಪ್ ಕಡತಕ್ಕೆ ಪಾಸ್‌ವರ್ಡ್ ಹಾಕಿದ್ದಾರೆ, ಆ ಪಾಸ್‌ವರ್ಡ್ ಬೇಕಾದರೆ ವಿಡಿಯೊವನ್ನು ಪೂರ್ತಿ ನೋಡಬೇಕು. ಉಚಿತವಾಗಿ ಕೊಟ್ಟ ವಸ್ತುವಿಗೆ ಬೀಗ ಹಾಕಿ, ಬೀಗದ ಕೈಯಿಂದ ದುಡ್ಡು ಮಾಡಿಕೊಳ್ಳುವ ಏರ್ಪಾಡು ಇದು. ಮೊದಲು ವಿಡಿಯೊದ ಕೆಳಗಿನ ವಿವರಣೆಯಲ್ಲಿ ಇದ್ದದ್ದು "ಕ್ರೆಡಿಟ್ಸ್ ಟು ರೆಸ್ಪೆಕ್ಟಿವ್ ಓನರ್" ಎಂಬ ಒಂದು ಸಾಲು. ಅಕ್ಕನ ಮಗ ವಿನಯದಿಂದಲೇ ಸಂದೇಶ ಕಳಿಸಿದ ಮೇಲೆ ಅದರ ಕೆಳಗೆ ಅವನ ಹೆಸರು ಸೇರಿಸಿದರು, ಕಡತವನ್ನು ಹಾಗೆಯೇ ಉಳಿಸಿಕೊಂಡರು. ದಯವಿಟ್ಟು ತೆಗೆದುಬಿಡಿ ಎಂದು ಅವನು ಮತ್ತೆ ಕೇಳಿದಾಗ ಬಂದದ್ದು ಮೇಲಿನ ಉತ್ತರ.

ಇನ್ನೇನು ಬೇಕು ಎಂದರೆ, ಕೇಳಬೇಕಿತ್ತು. ಏರಿಸುವ ಮೊದಲು ಒಂದು ಮಾತು ಕೇಳಬೇಕಿತ್ತು, ಬೇಡ ಎಂದಿದ್ದರೆ ಬಿಡಬೇಕಿತ್ತು. ಹೆಸರು ಹಾಕುವುದು ಯಾರು ಮಾಡಿದರು ಎಂಬ ಪ್ರಶ್ನೆಗೆ ಉತ್ತರ. ಅದನ್ನು ಎಲ್ಲಿ, ಹೇಗೆ, ಯಾರು ಹಂಚಬಹುದು ಎಂಬುದು ಬೇರೆಯದೇ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ಉತ್ತರಿಸುವ ಹಕ್ಕು ಮಾಡಿದವನದು. ಮೊದಲನೆಯದಕ್ಕೆ ಉತ್ತರ ಬರೆದು ಎರಡನೆಯದೂ ತೀರಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಕೇಳದೆ ಹಾಕಿದ ಹೆಸರು ಹೇಗೆ ತಿರುಗಿ ಹೊಡೆಯುತ್ತದೆ ಎನ್ನುವುದನ್ನೂ ಈ ಪ್ರಕರಣದಲ್ಲೇ ಕಂಡೆ. ಬಸ್ಸಿನ ತ್ರೀಡಿ ಮಾದರಿಯ ಹೊಸ ಆವೃತ್ತಿ ಬಂದಾಗ ಹಳೆಯ ಲಿವರಿಯ ಎಡಬದಿಯ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಟ್ಟವು. ಅಕ್ಕನ ಮಗ ಅಂದೇ ರಾತ್ರಿ ಕೂತು ಸರಿಪಡಿಸಿ ತನ್ನ ಪುಟದಲ್ಲಿ ಹೊಸ ಕಡತ ಇಟ್ಟ. ಚಾನೆಲ್ಲಿನಲ್ಲಿ ಇರುವುದು ಇಂದಿಗೂ ಹಳೆಯದೇ. ಅದನ್ನು ಇಳಿಸಿಕೊಂಡವರು ಕೆಳಗಿರುವ ಹೆಸರು ನೋಡಿ ಅವನ ಪುಟಕ್ಕೆ ಬಂದು, ಕನ್ನಡ ನೆಟ್ಟಗೆ ಬರೆಯಲು ಬಾರದವನು ಕರ್ನಾಟಕದ ಬಸ್ಸು ಯಾಕೆ ಮಾಡುತ್ತೀಯಾ ಎಂದು ಬೈಯುತ್ತಿದ್ದಾರೆ. ಅವನ ಕೈಯಲ್ಲಿಲ್ಲದ ಕಡತಕ್ಕೆ, ಅವನು ತಿದ್ದಲಾಗದ, ಅಳಿಸಲಾಗದ ಕಡತಕ್ಕೆ, ಅವನ ಹೆಸರು ಹೊಣೆ ಹೊತ್ತು ನಿಂತಿದೆ. ಇದನ್ನು ಮಾಡಿದವರು ಉಪಕಾರ ಮಾಡಿದವರ ಧ್ವನಿಯಲ್ಲಿ ಮಾತಾಡುತ್ತಾರೆ.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಶಿಷ್ಟಾಚಾರವಲ್ಲ. 1993ರ ಕೊನೆಗೆ ಡೂಮ್ ಆಟ ಬಂದಾಗ ಅದಕ್ಕೆ ಹೊಸ ಹಂತಗಳನ್ನು ಕಟ್ಟುವ ಅಭಿಮಾನಿಗಳು ಹುಟ್ಟಿಕೊಂಡರು. ಮರುವರ್ಷದಿಂದಲೇ ಅವರು ತಮ್ಮ ಕಡತದ ಜೊತೆಗೆ ಒಂದು ಪಠ್ಯ ಕಡತವನ್ನೂ ಇಡುವ ರೂಢಿ ಬೆಳೆಯಿತು. ಮಾಡಿದವರು ಯಾರು, ಯಾರ ಸಹಾಯ ಪಡೆದರು, ಇದನ್ನು ಆಧಾರವಾಗಿ ಇಟ್ಟುಕೊಂಡು ಬೇರೆಯವರು ಹೊಸ ಹಂತ ಕಟ್ಟಬಹುದೇ ಬಾರದೇ, ಹಂಚುವುದಾದರೆ ಈ ಪಠ್ಯವನ್ನು ಬದಲಿಸದೆ ಜೊತೆಯಲ್ಲೇ ಹಂಚಬೇಕು, ಹೀಗೆ ಎಲ್ಲವೂ ಅದರಲ್ಲಿ ಇರುತ್ತಿತ್ತು. ಡಯಲ್-ಅಪ್ ಕಾಲದ ಹುಡುಗರಿಗೆ ಹೆಸರು ಬೇರೆ, ಅನುಮತಿ ಬೇರೆ ಎಂಬ ತಿಳಿವಳಿಕೆ ಇತ್ತು. ಆಟಕ್ಕೆ ಅಭಿಮಾನಿಗಳು ಮಾಡಿ ಸೇರಿಸುವ ಇಂಥ ಬದಲಾವಣೆಗಳಿಗೆ ಮಾಡ್ ಎನ್ನುತ್ತಾರೆ. ಇಂದಿಗೂ ಅವನ್ನು ಹಂಚುವ ನೆಕ್ಸಸ್ ಮಾಡ್ಸ್ ತಾಣದಲ್ಲಿ ಪ್ರತಿಯೊಂದು ಮಾಡ್‌ನ ಪುಟದಲ್ಲಿ ಅನುಮತಿಗೆಂದೇ ಒಂದು ಭಾಗವಿದೆ. ಬೇರೆ ತಾಣಕ್ಕೆ ಏರಿಸಬಹುದೇ, ತಿದ್ದಬಹುದೇ, ಇದರ ಭಾಗಗಳನ್ನು ಬಳಸಬಹುದೇ ಎಂಬುದಕ್ಕೆ ಮಾಡಿದವರೇ ಒಂದೊಂದಾಗಿ ಉತ್ತರ ಕೊಟ್ಟಿರುತ್ತಾರೆ.

ನನ್ನ ವಯಸ್ಸಿನವರಿಗೆ ಕ್ರಿಕೆಟ್ 07 ನೆನಪಿಸಿದರೆ ಸಾಕು, ವಿಷಯ ಮುಟ್ಟುತ್ತದೆ. ಇಎ ಸ್ಪೋರ್ಟ್ಸ್ ಆ ಆಟವನ್ನು ಬಿಡುಗಡೆ ಮಾಡಿದ್ದು 2006ರ ನವೆಂಬರಿನಲ್ಲಿ, ಐಪಿಎಲ್ ಶುರುವಾದದ್ದು 2008ರಲ್ಲಿ; ಇಎ ಅದರ ನಂತರ ಕ್ರಿಕೆಟ್ ಆಟ ಮಾಡಲೇ ಇಲ್ಲ. ಅಂದರೆ ಹಾಸ್ಟೆಲ್ಲಿನ ಕಂಪ್ಯೂಟರಿನಲ್ಲಿ ನೀವು ಆರ್‌ಸಿಬಿ ತಂಡವನ್ನು ಆಡಿಸಿದ್ದೀರಿ ಎಂದಾದರೆ, ಆ ಜೆರ್ಸಿಯ ಒಂದೊಂದು ಗೆರೆಯೂ ಯಾರೋ ಅಭಿಮಾನಿ ಸಂಬಳವಿಲ್ಲದೆ ಬಿಡಿಸಿದ್ದು. ಜೆರ್ಸಿ ಒಬ್ಬರದು, ಆಟಗಾರರ ಮುಖ ಇನ್ನೊಬ್ಬರದು, ಮೈದಾನ ಮತ್ತೊಬ್ಬರದು, ತಂಡಗಳ ಪಟ್ಟಿ ಮಗದೊಬ್ಬರದು. ಇವನ್ನೆಲ್ಲ ಆಟಕ್ಕೆ ಸೇರಿಸುವ ಪ್ಯಾಚ್ ಎಂಬ ಕಟ್ಟಿನ ಜಿಪ್ ಬಿಚ್ಚಿದರೆ ರೀಡ್‌ಮಿ ಎಂಬ ಕಡತದಲ್ಲಿ ಇವರೆಲ್ಲರ ಹೆಸರು, ಯಾರ ಅನುಮತಿಯಿಂದ ಯಾವುದನ್ನು ಸೇರಿಸಿದೆ ಎಂಬ ವಿವರ ಇರುತ್ತಿತ್ತು. ಈಗ ಹೊಸ ಐಪಿಎಲ್ ಬಂದಾಗಲೆಲ್ಲ ಎಲ್ಲವನ್ನೂ ಒಂದೇ ಕಡತಕ್ಕೆ ತುಂಬಿ "ನಮ್ಮ ಪ್ಯಾಚ್" ಎಂದು ಬಿಡುವವರು ಮೊದಲು ಅಳಿಸುವುದು ಆ ರೀಡ್‌ಮಿಯನ್ನೇ. ಅದೊಂದು ಪುಟ್ಟ ಪಠ್ಯ ಕಡತ, ಜಾಗವನ್ನೇ ತಿನ್ನುವುದಿಲ್ಲ. ಅದನ್ನು ಕೈಯಾರೆ ಆರಿಸಿ ಅಳಿಸಿದವರಿಗೆ ತಾವು ಏನು ಮಾಡುತ್ತಿದ್ದೇವೆ ಎಂದು ಚೆನ್ನಾಗಿ ಗೊತ್ತಿರುತ್ತದೆ, ಗೊತ್ತಿರಲಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಒಂದು ವಾದ ಬರುತ್ತದೆ. ಮಧ್ಯಾಹ್ನವೇ ಬಂದಿದೆ ಕೂಡ. ಆಟ ಮಲೆಯೊದವರದು, ಲಾಂಛನ ಸಾರಿಗೆ ನಿಗಮದ್ದು, ನಿಮ್ಮ ಹುಡುಗ ಯಾರ ಅಪ್ಪಣೆ ಕೇಳಿದ, ಅವನಿಗೆ ಎಲ್ಲಿಯ ಹಕ್ಕು ಎನ್ನುವ ವಾದ. ಲಾಂಛನದ ಮೇಲೆ ಅವನಿಗೆ ಹಕ್ಕಿಲ್ಲ ಎಂಬುದು ನಿಜ, ನಾಳೆ ನಿಗಮದವರು ತೆಗೆ ಎಂದರೆ ಅವನು ಮರುಮಾತಿಲ್ಲದೆ ತೆಗೆಯಬೇಕು. ಹಾಗೆಂದ ಮಾತ್ರಕ್ಕೆ ಅದು ಆ ಚಾನೆಲ್ಲಿನವರ ಸ್ವತ್ತಾಗುವುದಿಲ್ಲ. ಬಸ್ಸಿಗೆ ಬಣ್ಣ ಬಳಿಯಿರಿ ಎಂದು ಆಟದವರೇ ಬಾಗಿಲು ತೆರೆದಿಟ್ಟಿದ್ದಾರೆ. ಮೈನ್‌ಕ್ರಾಫ್ಟ್ ಎಂಬ ಆಟದವರಂತೂ ತಮ್ಮ ಜಾವಾ ಆವೃತ್ತಿಯ ಒಪ್ಪಂದದಲ್ಲೇ ನೀವು ಮೊದಲಿನಿಂದ ಕಟ್ಟಿದ ಮಾಡ್ ನಿಮ್ಮದು ಎಂದು ಬರೆದಿದ್ದಾರೆ. ಇನ್ನು ಅಪ್ಪಣೆಯ ಮಾತು. ಅಕ್ಕನ ಮಗ ಬಣ್ಣ ಬಳಿದ ತ್ರೀಡಿ ಮಾದರಿ ಕೇರಳದ ಒಬ್ಬ ಹುಡುಗನದು. ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅವನಿಗೆ ಸಂದೇಶ ಬರೆದು, ನಿನ್ನ ಬಸ್ಸಿಗೆ ನಮ್ಮ ಕರ್ನಾಟಕದ ಬಣ್ಣ ಬಳಿಯಲೇ ಎಂದು ಕೇಳಿ, ಸರಿ ಎಂಬ ಉತ್ತರ ಬಂದ ಮೇಲೆಯೇ ಇವನು ಕೆಲಸ ಶುರುಮಾಡಿದ. ಕಾಲೇಜಿಗೂ ಕಾಲಿಡದ ಹುಡುಗನಿಗೆ ಸಾಧ್ಯವಾದದ್ದು ಚಾನೆಲ್ ನಡೆಸುವವರಿಗೆ ಯಾಕೆ ಸಾಧ್ಯವಾಗುವುದಿಲ್ಲ?

ದುಡ್ಡು ಬೆರೆತಾಗ ಕೇಳದಿರುವುದರ ಪರಿಣಾಮ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. 2015ರ ಏಪ್ರಿಲಿನಲ್ಲಿ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಮತ್ತು ಸ್ಕೈರಿಮ್ ಆಟದ ಕಂಪನಿ ಬೆಥೆಸ್ಡಾ ಸೇರಿ ಆ ಆಟದ ಮಾಡ್‌ಗಳನ್ನು ಸ್ಟೀಮ್‌ನಲ್ಲಿ ಮಾರಾಟಕ್ಕೆ ಬಿಟ್ಟವು. ಬಂದ ಹಣದಲ್ಲಿ ಮಾಡ್ ಮಾಡಿದವರಿಗೆ ಶೇಕಡ 25. ಮೊದಲ ಕಂತಿನಲ್ಲೇ ಇದ್ದ ಒಂದು ಮೀನು ಹಿಡಿಯುವ ಮಾಡ್, ಇನ್ನೊಬ್ಬ ಅಭಿಮಾನಿ ಉಚಿತವಾಗಿ ಕೊಟ್ಟಿದ್ದ ಅನಿಮೇಶನ್ ಕೆಲಸವನ್ನು ಅವರನ್ನು ಕೇಳದೆ ನೆಚ್ಚಿಕೊಂಡಿತ್ತು ಎಂಬ ಆಕ್ಷೇಪ ಎದ್ದು, ಅದನ್ನು ಮಾರಾಟದಿಂದ ತೆಗೆಯಬೇಕಾಯಿತು. ಕೆಲವೇ ದಿನಗಳಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟರು.

ಮರುಹಂಚಿಕೆಯಿಂದಲೇ ಹಳೆಯ ಮಾಡ್‌ಗಳು ಉಳಿದಿವೆ ಎನ್ನುವವರ ಮಾತಿನಲ್ಲಿ ಹುರುಳಿದೆ. 2012ರ ಜನವರಿಯಲ್ಲಿ ಮೆಗಾಅಪ್‌ಲೋಡ್ ಎಂಬ ಕಡತ ಹಂಚುವ ತಾಣ ಮುಚ್ಚಿದಾಗ ಅಲ್ಲಿದ್ದುದೆಲ್ಲ ಒಂದೇ ದಿನದಲ್ಲಿ ಕೈತಪ್ಪಿತು. ಮಾಡಿದವರು ಸಿಗದ, ಕೊಂಡಿ ಸತ್ತುಹೋದ ಕಡತವನ್ನು ರೀಡ್‌ಮಿ ಸಮೇತ, ಇದ್ದದ್ದು ಇದ್ದಂತೆಯೇ ಕಾದಿಡುವವರಿಗೆ ನನ್ನ ನಮಸ್ಕಾರ. ಆದರೆ ಈ ಹುಡುಗನ ಪುಟ ಜೀವಂತವಾಗಿದೆ, ಅವನು ಸಂದೇಶಕ್ಕೆ ಉತ್ತರ ಕೊಡುತ್ತಾನೆ. ಇಲ್ಲಿ ಕಾಪಾಡಲು ಏನೂ ಇರಲಿಲ್ಲ.

ಕಾನೂನಿನ ಮಾತು ಎತ್ತುವುದಾದರೆ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು, ಹಕ್ಕುಗಳನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೇ ಉಳಿಸಿದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಬಿ ಕಲಮಿನ ಪ್ರಕಾರ, ಕೃತಿಯ ಜೊತೆಗಿರುವ ಕರ್ತೃವಿನ ಹೆಸರಿನಂಥ ವಿವರವನ್ನು ಅಧಿಕಾರವಿಲ್ಲದೆ, ತಿಳಿದೂ ತಿಳಿದೂ ಅಳಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಜೊತೆಗೆ ದಂಡ. ಓದಲು ಚೆನ್ನಾಗಿದೆ. ಆದರೆ ಲಿವರಿಗಾಗಿ ವಕೀಲರ ಬಳಿ ಹೋಗುವ ಹುಡುಗ ಯಾರಿದ್ದಾನೆ? ಯೂಟ್ಯೂಬಿಗೆ ದೂರು ಕೊಟ್ಟರೆ ದೂರುದಾರರ ಹೆಸರು ಎದುರಿನವರಿಗೆ ತಿಳಿಯುತ್ತದೆ, ಆಮೇಲೆ ಅವರ ಹಿಂಬಾಲಕರೆಲ್ಲ ಇವನ ಪುಟಕ್ಕೆ ನುಗ್ಗುತ್ತಾರೆ ಎಂಬ ಭಯ ಅವನಿಗಿದೆ. ಪ್ಲೇ ಸ್ಟೋರ್ ತೆರೆದು ನೋಡಿ, ಲಿವರಿ ಸಂಗ್ರಹ ಎಂಬ ಹೆಸರಿನ ಆ್ಯಪ್‌ಗಳು ಸಾಲುಸಾಲಾಗಿ ಇವೆ. ಪ್ರತಿ ಎರಡು ಚಿತ್ರಕ್ಕೊಂದು ಜಾಹೀರಾತು, ಬಿಡಿಸಿದವರ ಸುಳಿವೇ ಇಲ್ಲ.

ನನಗೆ ಇಷ್ಟು ಉರಿಯುವುದಕ್ಕೆ ಇನ್ನೊಂದು ಕಾರಣವಿದೆ, ಇದುವರೆಗೆ ಇಲ್ಲಿ ಹೇಳಿರಲಿಲ್ಲ. ಪುಟವಿನ್ಯಾಸದ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ರಾತ್ರಿಯೆಲ್ಲ ಕೂತು ಬಿಡಿಸಿದ ಒಂದು ಮುಖಪುಟ, ಬಣ್ಣ ಮಾತ್ರ ಬದಲಾಗಿ, ಬೇರೊಂದು ಪುಸ್ತಕದ ಮೇಲೆ ಬಂತು. ಕೇಳಲು ಹೋದಾಗ ಆ ಪುಸ್ತಕ ತಂದವರು ಒಳಪುಟ ತೆರೆದು ನನ್ನ ಹೆಸರು ತೋರಿಸಿದರು. ಹೆಸರಿತ್ತು ನಿಜ. ಆ ಪುಸ್ತಕದಲ್ಲಿ ಬರೆದದ್ದು ನಾನು ಎಂದಿಗೂ ಒಪ್ಪದ ವಿಚಾರ, ಅದರ ಮುಖದ ಮೇಲೆ ನನ್ನ ಚಿತ್ರ, ಒಳಗೆ ನನ್ನ ಹೆಸರು. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಬೇಡ ಎನ್ನುವ ಅವಕಾಶವನ್ನು ಕಿತ್ತುಕೊಂಡು ಹೆಸರು ಕೊಟ್ಟರೆ ಅದನ್ನು ಗೌರವ ಎಂದುಕೊಳ್ಳಲು ನನ್ನಿಂದ ಇಂದಿಗೂ ಆಗಿಲ್ಲ.

ಹಾಗಾಗಿ ಅಕ್ಕನ ಮಗನಿಗೆ ಒಂದು ಒಕ್ಕಣೆ ಬರೆದುಕೊಟ್ಟಿದ್ದೇನೆ. ಇನ್ನು ಮುಂದೆ ಅವನ ಪ್ರತಿಯೊಂದು ಜಿಪ್‌ನಲ್ಲೂ ಅದು ಇರುತ್ತದೆ, ಚಿತ್ರದ ಒಂದು ಮೂಲೆಯಲ್ಲೂ ಇರುತ್ತದೆ. ಮಾಡ್, ಲಿವರಿ, ಪ್ಯಾಚ್ ಮಾಡುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರಿಗೂ ಕೊಡಿ.

"ಇದನ್ನು ಮಾಡಿದವನು ನಾನು. ಬಸ್ಸಿನ ಮಾದರಿಯನ್ನು ಅದರ ಕರ್ತೃವಿನ ಅನುಮತಿ ಪಡೆದು ಬಳಸಿದ್ದೇನೆ. ನೀವು ಉಚಿತವಾಗಿ ಆಡಬಹುದು, ವಿಡಿಯೊದಲ್ಲಿ ತೋರಿಸಬಹುದು. ಬೇರೆಯವರಿಗೆ ಕೊಡುವುದಾದರೆ ನನ್ನ ಪುಟದ ಕೊಂಡಿಯನ್ನು ಕೊಡಿ, ತಿದ್ದಿದ ಹೊಸ ಕಡತ ಸಿಗುವುದು ಅಲ್ಲಿಯೇ. ಕಡತವನ್ನು ಬೇರೆಡೆ ಏರಿಸುವ ಮೊದಲು, ತಿದ್ದಿ ಬಿಡುವ ಮೊದಲು, ಆ್ಯಪ್‌ಗೆ ಸೇರಿಸುವ ಮೊದಲು ನನ್ನನ್ನು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ನನ್ನ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಿದಂತೆ ಅಲ್ಲ."

ಈ ಒಕ್ಕಣೆಯನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಅದಕ್ಕೆ ನನ್ನನ್ನು ಕೇಳಬೇಕಾಗಿಲ್ಲ, ನನ್ನ ಹೆಸರೂ ಬೇಕಾಗಿಲ್ಲ.