ಷಡ್ಜಕ್ಕೆ ಇಳಿಯದ ಬೆಲ್ಲು

ಪಕ್ಕದ ಮನೆಯ ಹಾಜಿಯವರ ಮಗ ದುಬೈಯಿಂದ ಬರುವಾಗ ಸೆಂಟು, ಕಂಬಳಿ, ಖರ್ಜೂರಗಳ ಜೊತೆಗೆ ಬಾಗಿಲಿಗೊಂದು ಬೆಲ್ಲನ್ನೂ ತಂದ. ಅಂದಿನಿಂದ ನನ್ನ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಬೆಲ್ಲಿನ ಸದ್ದು ಜೋರಾಗಿದೆ ಎಂಬುದು ನನ್ನ ದೂರಲ್ಲ. ಅದು ಅರ್ಧಕ್ಕೆ ನಿಲ್ಲುತ್ತದೆ.

ಅದು ನುಡಿಸುವುದು ನಮ್ಮ ಚರ್ಚಿನಲ್ಲಿ ಹಾಡುವ 'ವಾಟ್ ಎ ಫ್ರೆಂಡ್ ವಿ ಹ್ಯಾವ್ ಇನ್ ಜೀಸಸ್' ಗೀತೆಯ ಮೊದಲ ಸಾಲನ್ನು. ಲೆಕ್ಕ ಹಾಕಿ ಹದಿನೈದು ಸ್ವರ. ಕೊನೆಗೆ ಸ ಗ ಸ ಪ ಗ ರಿ ಎಂದು ರಿಯ ಮೇಲೆ ಬಂದು ಸುಮ್ಮನಾಗಿಬಿಡುತ್ತದೆ. ಹಾಡು ಇಳಿದು ನಿಲ್ಲಬೇಕಾದ ಷಡ್ಜ, ಅಂದರೆ ಸ, ಇರುವುದು ಎರಡನೆಯ ಸಾಲಿನ ತುದಿಯಲ್ಲಿ. ಆ ಸಾಲು ಬೆಲ್ಲಿನಲ್ಲಿ ಇಲ್ಲ. ಮೂಗಿನ ತುದಿಗೆ ಬಂದ ಸೀನು ಬಾರದೆ ಹೋದರೆ ಹೇಗಿರುತ್ತದೋ ಹಾಗೆ. ಆದ್ದರಿಂದ ಮೀನು ಮಾರುವವಳು ಒತ್ತಲಿ, ಕೊರಿಯರ್ ಹುಡುಗ ಒತ್ತಲಿ, ಎರಡನೆಯ ಸಾಲನ್ನು ಜಗಲಿಯ ಆರಾಮಕುರ್ಚಿಯಿಂದ ನಾನೇ ಗುನುಗಿ ಮುಗಿಸಬೇಕು. "ನೀವೇನು ಅವರ ಬೆಲ್ಲಿಗೆ ಪಕ್ಕವಾದ್ಯವೇ?" ಎಂದು ಹೆಂಡತಿ ಕೇಳಿಯಾಯಿತು.

ಅದು ನಮ್ಮ ಹಾಡು ಎಂದು ಹಾಜಿಯವರಿಗೆ ಹೇಳಿದೆ. "ಹೌದೇ ಮಾಷೇ? ಹಾಗಾದರೆ ತೆಗೆಯುವುದು ಬೇಡ, ಒಳ್ಳೆಯ ಹಾಡೇ ಇರಬೇಕು" ಎಂದರು. ನಾನು ತೆಗೆಯಲಿ ಎಂದೇ ಹೇಳಿದ್ದು. ಮಂಜೇಶ್ವರದಲ್ಲಿ ಇಂಥದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಇಲ್ಲಿಯ ಗೋವಿಂದ ಪೈಗಳೇ ಯೇಸುವಿನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದವರು. ಜಪಾನಿನಲ್ಲಂತೂ ಇದೇ ರಾಗಕ್ಕೆ ನಕ್ಷತ್ರಗಳ ಪದ್ಯವೊಂದನ್ನು ಕೂಡಿಸಿ ಮಕ್ಕಳಿಂದ ಹಾಡಿಸಿದ್ದಾರೆ. ಬೆಲ್ಲಿನೊಳಗೆ ಹೊಕ್ಕದ್ದರಲ್ಲಿ ಆಶ್ಚರ್ಯವೇನು?

ಈ ನಡುವೆ ಚರ್ಚಿನ ವಾರ್ಷಿಕ ಸಂಚಿಕೆಗೆ 'ಗೀತೆಯಿಂದ ನನಗೆ ದೊರೆತ ಸಾಂತ್ವನ' ಎಂದು ಎರಡು ಪುಟ ಬರೆದುಕೊಡಲು ಕೇಳಿದ್ದಾರೆ. ನಿವೃತ್ತ ಮಾಸ್ತರನ ಬಳಿ ಸಾಂತ್ವನ ದಾಸ್ತಾನು ಇರುತ್ತದೆ ಎಂದು ಜನ ತಿಳಿದಿರುವಂತಿದೆ. ಇರಲಿ, ಬರೆಯೋಣ ಎಂದು ಕುಳಿತರೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇದೇ ಗೀತೆಯ 'ಕಣ್ಣೀರಿನ ಕಥೆ' ಬಂದು ಬಿತ್ತು. ಮದುವೆಯ ಮುನ್ನಾದಿನ ವಧು ನೀರಿನಲ್ಲಿ ಮುಳುಗಿ ಸತ್ತಳು, ಅದೇ ರಾತ್ರಿ ವರ ಶವದ ಪಕ್ಕದಲ್ಲಿ ಕುಳಿತು ಇದನ್ನು ಬರೆದ, ಹತ್ತು ಜನರಿಗೆ ಕಳುಹಿಸಿ. ಮೈ ಉರಿಯಿತು. ವಧು ಮುಳುಗಿದ್ದು ನಿಜ. ಆದರೆ ಜೋಸೆಫ್ ಸ್ಕ್ರಿವನ್ ಐರ್ಲೆಂಡ್ ಬಿಟ್ಟು ಕೆನಡಾ ಸೇರಿ, ಎಷ್ಟೋ ಕಾಲದ ಮೇಲೆ, 1855ರಲ್ಲಿ, ಊರಿನಲ್ಲಿ ಕಷ್ಟದಲ್ಲಿದ್ದ ತಾಯಿಗೆಂದು ಇದನ್ನು ಬರೆದ. ರಾಗ ಹಾಕಿದ್ದು 1868ರಲ್ಲಿ ಚಾರ್ಲ್ಸ್ ಕಾನ್ವರ್ಸ್ ಎಂಬ ಅಮೆರಿಕದ ವಕೀಲ. ಇಷ್ಟನ್ನೂ ಗುಂಪಿನಲ್ಲಿ ಟೈಪು ಮಾಡಿದೆ. ಅರ್ಧ ದಿನ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಸೋದರಳಿಯನೊಬ್ಬ ಕೈಮುಗಿದ ಚಿತ್ರ ಕಳುಹಿಸಿದ.

ನನಗೆ ಗೀತೆ ಬಂದದ್ದು ಸ್ಕ್ರಿವನ್‌ನಿಂದಲ್ಲ, ದೊಡ್ಡಮ್ಮನಿಂದ. ಅದೂ ಹಲಸಿನ ಹಪ್ಪಳದ ಜೊತೆಗೆ. ಬೇಸಗೆ ರಜೆಯಲ್ಲಿ ಬೆಳಗಿನ ಜಾವಕ್ಕೇ ಸೊಳೆ ಬೇಯುವ ವಾಸನೆ ನಮ್ಮನ್ನು ಎಬ್ಬಿಸುತ್ತಿತ್ತು. ಒರಳಿನಲ್ಲಿ ಗುದ್ದಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತಿದರೆ ಅಂಗೈಯಗಲದ ಹಪ್ಪಳ. ಬಿಸಿಲೇರುವಷ್ಟರಲ್ಲಿ ಅಂಗಳದ ಓಲೆಚಾಪೆಯ ತುಂಬ ಹಪ್ಪಳ, ಅಡಿಕೆಮರದ ತುಂಬ ಕಾಗೆ. ದೊಡ್ಡಮ್ಮ ಮೆಟ್ಟಿಲ ಮೇಲೆ ಕೋಲು ಹಿಡಿದು ಕುಳಿತು ಇದೇ ಗೀತೆಯನ್ನು ಕನ್ನಡದಲ್ಲಿ ಹಾಡುತ್ತಿದ್ದರು. ಎಷ್ಟು ನಿಧಾನವಾಗಿ ಎಂದರೆ, ಒಂದು ಚರಣ ಮುಗಿಯುವುದರೊಳಗೆ ನಾವು ಒಂದು ಹಸಿ ಹಪ್ಪಳ ಕದ್ದು, ತಿಂದು, ಬಾಯಿ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರಬಹುದಿತ್ತು. ಸಾಲಿನ ತುದಿಗೆ ಬಂದಾಗಲೇ ಕಾಗೆ ಇಳಿಯುತ್ತಿತ್ತು. "ಹೋ, ಹೋ, ನಿನ್ನ ಕೊಕ್ಕು ಮುರಿಯಲಿ!" ಎಂದು ಕೋಲು ಬೀಸಿ, ಒಡನೆಯೇ ನಿಂತಲ್ಲಿಂದ ಹಾಡು ಎತ್ತಿಕೊಳ್ಳುತ್ತಿದ್ದರು. ಶ್ರುತಿ ಒಂದು ಕೂದಲೆಳೆ ತಪ್ಪುತ್ತಿರಲಿಲ್ಲ. ಶಾಪವೂ ಪ್ರಾರ್ಥನೆಯೂ ಅದೇ ಗಂಟಲಿನಿಂದ.

ಬೊಂಬಾಯಿಗೆ ಹೋದ ದೊಡ್ಡಪ್ಪನ ಕಾಗದ ನಿಂತು ಆಗ ಐದಾರು ವರ್ಷವಾಗಿತ್ತು. ಎಲ್ಲ ದುಃಖವನ್ನೂ ಪ್ರಾರ್ಥನೆಯಲ್ಲಿ ಒಪ್ಪಿಸಿಬಿಡು ಎನ್ನುತ್ತದಲ್ಲ ಈ ಹಾಡು, ಆ ಕಾರಣಕ್ಕೇ ಹಾಡುತ್ತಿದ್ದಾರೆ ಎಂದು ಕಾಲೇಜು ಸೇರಿದ ಮೇಲೆ ನನಗೆ ಹೊಳೆಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಹೋಗಿ ಕೇಳಿದೆ. "ಹಾಡಿದರೆ ಸಮಾಧಾನವಾಗುತ್ತದೆಯೇ ದೊಡ್ಡಮ್ಮ?"

ಅವರು ನನ್ನನ್ನೊಮ್ಮೆ ನೋಡಿ, "ಸಮಾಧಾನವೋ? ಸುಮ್ಮನೆ ಕುಳಿತರೆ ನಿದ್ದೆ ಬರುತ್ತದೆ ಮಗ. ಕಾಗೆ ತಿಂದು ಹೋಗುತ್ತದೆ" ಎಂದರು.

ಇದನ್ನು ಸಂಚಿಕೆಗೆ ಬರೆದುಕೊಡುವುದು ಹೇಗೆ?

ಈಗ ಚರ್ಚಿನಲ್ಲಿ ಆ ನಿಧಾನವೂ ಇಲ್ಲ. ಕೀಬೋರ್ಡಿನ ಹುಡುಗ ಒಂದು ಗುಂಡಿ ಒತ್ತುತ್ತಾನೆ, ಒಳಗಿನಿಂದ ಡ್ರಮ್ಮು ಬಡಿಯಲು ತೊಡಗುತ್ತದೆ, ಮೂರು ಚರಣ ಮೂರು ನಿಮಿಷದಲ್ಲಿ ಮುಗಿಯುತ್ತದೆ. ದುಃಖವನ್ನು ಇಳಿಸಲು ತಲೆಯ ಮೇಲಿನ ಹೊರೆಗೆ ಕೈ ಹಾಕುವಷ್ಟರಲ್ಲಿ ಆಮೆನ್. ಹೇಳಿದರೆ, "ಅಂಕಲ್, ಯುವಕರು ಬರಬೇಕಲ್ಲ" ಎನ್ನುತ್ತಾನೆ. ಬಂದ ಯುವಕರು ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಿರುತ್ತಾರೆ.

ಹೋದ ವಾರ ಪಕ್ಕದ ಮನೆಯ ಬೆಲ್ಲಿಗೆ ಏನೋ ಆಯಿತು. ಸ್ವರ ಇಳಿಯಿತು, ಎಳೆಯತೊಡಗಿತು. ಮೊದಲೆರಡು ಪಂಚಮಗಳ ನಡುವೆಯೇ ಒಂದು ಉಸಿರಿನಷ್ಟು ಬಿಡುವು. ನಾನು ಪೇಪರ್ ಕೆಳಗಿಟ್ಟೆ. ರಿ ಬಂದಾಗ ಕಣ್ಣು ತಾನಾಗಿಯೇ ಅಂಗಳಕ್ಕೆ ಹೋಯಿತು. ಚಾಪೆಯೂ ಇಲ್ಲ, ಹಪ್ಪಳವೂ ಇಲ್ಲ, ಕಾಗೆ ಒಂದಿತ್ತು. ಎರಡನೆಯ ಸಾಲನ್ನು ಅವಸರವಿಲ್ಲದೆ ಹಾಡಿದೆ, ಈ ಸಲ ಬಾಯಿಬಿಟ್ಟು.

ಸಂಜೆ ಹಾಜಿಯವರು ಬೇಲಿಯ ಬಳಿ ಬಂದರು. "ಮಾಷೇ, ಬೆಲ್ಲಿನ ಸ್ವರ ಹೋಗಿದೆ. ಎರಡು ಪೆನ್ಸಿಲ್ ಸೆಲ್ ಇದೆಯೇ?"

ಮೇಜಿನ ಖಾನೆಯಲ್ಲಿ ನಾಲ್ಕು ಹೊಸ ಸೆಲ್ಲುಗಳಿದ್ದವು.

"ಇಲ್ಲವಲ್ಲ ಹಾಜಿಯವರೇ" ಎಂದೆ.