ಎರಡನೇ ಮನೆಗೆ ಎರಡೂವರೆ ಪಟ್ಟು ತೆರಿಗೆ: ವೇಲ್ಸ್ ಮಾಡಿದ್ದು ಸರಿಯೇ?

ಪರ: ಒಲೆ ಉರಿಯದ ಮನೆಗಳು

ಬ್ರಿಟನ್ನಿನ ಭಾಗವಾದ ವೇಲ್ಸಿನ ಗ್ವಿನೆದ್ ಪ್ರಾಂತದಲ್ಲಿ ಅಬರ್‌ಸೋಕ್ ಎಂಬ ಕಡಲತಡಿಯ ಹಳ್ಳಿಯಿದೆ. ಆಗಸ್ಟ್ ತಿಂಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನವರಿಯ ಸಂಜೆ ಹೋಗಿ ನೋಡಬೇಕು. ಸಾಲು ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಿಟಕಿಯಲ್ಲಿ ಬೆಳಕು. ಉಳಿದವು ಹೆಚ್ಚಾಗಿ ಬೇರೆಡೆ ವಾಸಿಸುವವರು ರಜೆಗೆಂದು ಇಟ್ಟುಕೊಂಡ ಎರಡನೇ ಮನೆಗಳು. ಅವುಗಳ ಬಾಗಿಲ ಪಕ್ಕದಲ್ಲಿ, ಬಾಡಿಗೆಗೆ ಬರುವ ಪ್ರವಾಸಿಗರಿಗಾಗಿ ನಂಬರು ಒತ್ತಿ ತೆರೆಯುವ ಬೀಗದ ಕೈ ಡಬ್ಬಿಗಳು. ಊರಿನ ಪ್ರಾಥಮಿಕ ಶಾಲೆ 2021ರ ಕೊನೆಯಲ್ಲಿ ಮುಚ್ಚಿತು. ಅಷ್ಟು ಹೊತ್ತಿಗೆ ಹತ್ತು ಮಕ್ಕಳೂ ಉಳಿದಿರಲಿಲ್ಲ. ಹಳ್ಳಿಯ ಶಾಲೆಗೆ ಬೀಗ ಬೀಳುವುದೆಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2021ರ ಜನಗಣತಿಯಂತೆ ಗ್ವಿನೆದ್‌ನಲ್ಲಿ ನೂರಕ್ಕೆ 64 ಮಂದಿ ವೇಲ್ಸಿನ ಸ್ವಂತ ಭಾಷೆ ವೆಲ್ಷ್ ಮಾತನಾಡಬಲ್ಲರು. ವೇಲ್ಸಿನ ಬೇರಾವ ಪ್ರಾಂತದಲ್ಲೂ ಈ ಪ್ರಮಾಣ ಇಷ್ಟಿಲ್ಲ. ಅಲ್ಲಿ ಹುಟ್ಟಿದ ಹುಡುಗಿ ಮದುವೆಯಾಗಿ ಮನೆ ಹುಡುಕುವಾಗ ಪೈಪೋಟಿಗೆ ನಿಲ್ಲುವುದು ದೂರದ ನಗರದ ಸಂಬಳ. ಅವಳು ಊರು ಬಿಟ್ಟರೆ ಅವಳ ಮಕ್ಕಳ ಬಾಯಿಂದ ಆ ಭಾಷೆಯೂ ಜಾರುತ್ತದೆ.

ಆದ್ದರಿಂದಲೇ ವೇಲ್ಸ್ ಸರ್ಕಾರ 2017ರಿಂದ ಎರಡನೇ ಮನೆಗಳ ಮೇಲೆ ಶೇ 100ರವರೆಗೆ, 2023ರ ಏಪ್ರಿಲ್‌ನಿಂದ ಶೇ 300ರವರೆಗೆ ಹೆಚ್ಚುವರಿ ಕೌನ್ಸಿಲ್ ತೆರಿಗೆ (ಸ್ಥಳೀಯ ಸಂಸ್ಥೆ ವಸೂಲು ಮಾಡುವ ಮನೆ ತೆರಿಗೆ) ಹಾಕುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಗ್ವಿನೆದ್ ಶೇ 150 ಹಾಕಿತು, ಅಂದರೆ ಒಟ್ಟು ಬಿಲ್ಲು ಎರಡೂವರೆ ಪಟ್ಟು. ಆ ಹಣವನ್ನು ಸ್ಥಳೀಯರ ವಸತಿ ಯೋಜನೆಗೆ ಬಳಸುತ್ತಿದೆ. ಇಂಗ್ಲೆಂಡ್ ಕೂಡ 2025ರಿಂದ ದುಪ್ಪಟ್ಟು ತೆರಿಗೆಗೆ ದಾರಿ ತೆರೆದಿದೆ. ವರ್ಷಕ್ಕೆ ಆರು ವಾರ ಇಳಿದುಕೊಳ್ಳಲು ಒಂದಿಡೀ ಮನೆಯನ್ನು ಹಿಡಿದಿಡಬಲ್ಲವರು ಅದರ ಬೆಲೆಯನ್ನು ಆ ಊರಿಗೆ ತೆರಲಿ.

ವಿರೋಧ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಊರುಗಳು ಬರಿದಾಗುತ್ತಿರುವುದು ನಿಜ, ಆ ನೋವೂ ನಿಜ. ಆದರೆ ಈ ತೆರಿಗೆಯ ಬಿಲ್ಲು ಯಾರ ಕೈ ಸೇರುತ್ತದೆ ನೋಡಿ. ಕಲ್ಲುಗಣಿಯಲ್ಲಿ ದುಡಿದ ಅಜ್ಜನ ಪುಟ್ಟ ಮನೆ ಮೊಮ್ಮಗನಿಗೆ ಬಂದಿದೆ, ಕೆಲಸ ಕಾರ್ಡಿಫ್‌ನಲ್ಲಿ. ಅಜ್ಜಿಯ ಪಿಂಗಾಣಿ ತಟ್ಟೆಗಳು ಇನ್ನೂ ಗೋಡೆಯ ಬೀರುವಿನಲ್ಲೇ ಇವೆ. ಅವನೂ ವೆಲ್ಷ್ ಮಾತನಾಡುವವನೇ, ಆದರೂ ಕಾನೂನಿನ ಕಣ್ಣಿಗೆ ಎರಡನೇ ಮನೆಯ ಒಡೆಯ. ಮಾರಾಟಕ್ಕಿಟ್ಟರೆ ಸಿಗುವ ವಿನಾಯಿತಿ ಒಂದೇ ವರ್ಷದ್ದು. ನಿಜವಾದ ಸಿರಿವಂತ ಏಪ್ರಿಲ್‌ನಲ್ಲಿ ಬಿಲ್ಲು ಕಟ್ಟಿ ಸುಮ್ಮನಾಗುತ್ತಾನೆ. ಮನೆ ಬಿಟ್ಟುಕೊಡಬೇಕಾಗುವುದು ಇಂಥವನು.

ಬಿಟ್ಟುಕೊಟ್ಟರೂ ಅದು ಊರಿನವರ ಕೈಗೆಟುಕುತ್ತದೆಯೇ? ಬೇಸಿಗೆಯ ನಾಲ್ಕು ತಿಂಗಳು ಹೋಟೆಲಿನಲ್ಲಿ ದುಡಿಯುವವರಿಗೆ, ಬೆಲೆ ಒಂದಿಷ್ಟು ಇಳಿದರೂ ಬ್ಯಾಂಕು ಸಾಲ ಕೊಡುವುದಿಲ್ಲ. ವರ್ಷಕ್ಕೆ 182 ದಿನ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು, ಮನೆಯನ್ನು ವ್ಯಾಪಾರದ ತೆರಿಗೆಗೆ ದಾಟಿಸಿಕೊಂಡು ಈ ಹೆಚ್ಚುವರಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಇದೆ. ಆಗ ಬಾಗಿಲ ಪಕ್ಕಕ್ಕೆ ಇನ್ನೊಂದು ಬೀಗದ ಕೈ ಡಬ್ಬಿ ಬರುತ್ತದೆ, ಅಷ್ಟೇ. ಪೆಂಬ್ರೋಕ್‌ಶೈರ್ ಎಂಬ ವೇಲ್ಸಿನ ಇನ್ನೊಂದು ಪ್ರಾಂತ 2024ರಲ್ಲಿ ಹೆಚ್ಚುವರಿಯನ್ನು ಶೇ 200ಕ್ಕೆ ಏರಿಸಿ, ಮರುವರ್ಷವೇ 150ಕ್ಕೆ ಇಳಿಸಿತು.

1980ರಿಂದ ಕೌನ್ಸಿಲ್ ಮನೆಗಳನ್ನು, ಅಂದರೆ ಸ್ಥಳೀಯ ಸಂಸ್ಥೆಗಳು ಬಾಡಿಗೆಗೆ ಕೊಟ್ಟಿದ್ದ ಮನೆಗಳನ್ನು, ಬಾಡಿಗೆದಾರರಿಗೆ ರಿಯಾಯಿತಿಯಲ್ಲಿ ಮಾರಲಾಯಿತು. ಈ ಮಾರಾಟ ವೇಲ್ಸಿನಲ್ಲಿ ನಿಂತದ್ದು 2019ರಲ್ಲಿ. ಕೈಬಿಟ್ಟ ಮನೆಗಳಷ್ಟು ಹೊಸದನ್ನು ಸರ್ಕಾರಗಳು ಕಟ್ಟಲಿಲ್ಲ. ಆ ನಲವತ್ತು ವರ್ಷಗಳ ಬಾಕಿಯನ್ನು ಈಗ ಅಜ್ಜನ ಮನೆಯ ಬಿಲ್ಲಿನಲ್ಲಿ ವಸೂಲಿ ಮಾಡಲಾಗುತ್ತಿದೆ.