ತೋರ್ಸಬ್ಯಾಡ್ರಿ ಕಾಕಾ!

ಆರನೇ ಕ್ಲಾಸಿನ ಗಣಿತದಲ್ಲಿ ನನಗೊಮ್ಮೆ ಸೊನ್ನೆ ಬಂದಿತ್ತು. ಅದಕ್ಕಿಂತ ಕೆಳಗೂ ಮೆಟ್ಟಿಲುಗಳಿವೆ ಅಂತ ಗೊತ್ತಾಗಿದ್ದು ಈ ಸಲದ ಎಳ್ಳಮವಾಸ್ಯೆ ಮುಗಿದ ಮೇಲಿನ ಭಾನುವಾರ. ಬೀದರ್ ಊರಾಚೆಯ ಒಂದು ಬೇವಿನ ಗಿಡದ ಕೆಳಗೆ, ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ಫೌಜಿ ಸಾಬ್ ನಿಧಾನಕ್ಕೆ, ಕೈ ನಡುಗದಂತೆ, ಮೈನಸ್ 135 ಎಂದು ಬರೆದರು. ಬರೆದು ಒಂದು ಸಲ ಕೂಡಿಸಿ ನೋಡಿದರು. ಸರಿಯಾಗಿಯೇ ಇತ್ತು.

ಆಟದ ಹೆಸರು ಓರಿಯಂಟೀರಿಂಗ್. ಮೊದಲ ಸಲ ಮನೆಯಲ್ಲಿ ಹೇಳಿದಾಗ ನಮ್ಮಾಕೆ, "ಫ್ಯಾನಿನ ಕಂಪನಿಯೇನ್ರೀ?" ಅಂದಳು. ಅಲ್ಲ, ಕೈಯಲ್ಲಿ ಒಂದು ನಕ್ಷೆ ಕೊಡ್ತಾರೆ, ಒಂದು ಕಂಪಾಸ್ ಇರುತ್ತೆ, ಗುಡ್ಡದಲ್ಲೋ ಗಲ್ಲಿಯಲ್ಲೋ ಅಲ್ಲಲ್ಲಿ ಬಾವುಟ ಕಟ್ಟಿರ್ತಾರೆ, ಅವನ್ನ ಹುಡುಕಿಕೊಂಡು ಓಡಬೇಕು ಅಂತ ವಿವರಿಸಿದೆ.

"ಮೊಬೈಲ್‌ದಾಗ ಮ್ಯಾಪ್ ನೋಡಂಗಿಲ್ಲೇನು?"

"ನೋಡಂಗಿಲ್ಲ."

"ಯಾರಿಗರ ಕೇಳಂಗಿಲ್ಲೇನು?"

"ಕೇಳಂಗಿಲ್ಲ."

"ಹುಡುಕಿದ್ರ ರೊಕ್ಕ ಕೊಡ್ತಾರೇನು?"

"ನಾವೇ ಕೊಡಬೇಕು. 50 ರೂಪಾಯಿ."

ಆಕೆ ಮುಂದೆ ಏನೂ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ತನ್ನ ತಂಗಿಗೆ ಫೋನ್ ಹಚ್ಚಿದಳು.

ನಮ್ಮ ಕ್ಲಬ್ಬು ದೊಡ್ಡದೇನಲ್ಲ. ಇಬ್ಬರು ಪಿ.ಟಿ. ಮಾಸ್ತರರು, ಕಾಲೇಜಿನ ಏಳೆಂಟು ಹುಡುಗ ಹುಡುಗಿಯರು, ಶುಗರ್ ಇದೆ ನಡೀರಿ ಅಂತ ಡಾಕ್ಟರ್ ಹೇಳಿದ್ದಕ್ಕೆ ಬಂದ ನನ್ನಂಥ ಮೂವರು. ಇವರಿಗೆಲ್ಲ ಗುರು, ಫೌಜಿನಲ್ಲಿ ಬೆಟ್ಟ ಗುಡ್ಡ ಅಲೆದು ರಿಟೈರ್ ಆದ ನಮ್ಮ ಫೌಜಿ ಸಾಬ್. ನಕ್ಷೆಯನ್ನು ಅವರೇ ತಿಂಗಳುಗಟ್ಟಲೆ ತಿರುಗಿ ಬರೆದಿದ್ದಾರೆ. ಬಾವುಟಗಳನ್ನು ಹೊಲಿಸಿದ್ದೂ ಅವರೇ. ಈ ಆಟದ ಬಾವುಟಕ್ಕೆ ಮೂರು ಮುಖ, ಒಂದೊಂದು ಮುಖ 30 ಸೆಂಟಿಮೀಟರ್ ಚೌಕ, ಓರೆಯಾಗಿ ಅರ್ಧ ಬಿಳಿ, ಅರ್ಧ ಕಿತ್ತಳೆ. ಟೇಲರ್ ಅಳತೆಯೆಲ್ಲ ಬರೆದುಕೊಂಡು ಕೊನೆಗೆ ಮೆಲ್ಲಗೆ ಕೇಳಿದನಂತೆ, "ಯಾವ ಪಾರ್ಟಿದು ಸಾಬ್? ಯಾರು ನಿಂತಾರ?"

ಇದು ಹುಟ್ಟಿದ್ದು ಸ್ವೀಡನ್, ನಾರ್ವೆ ಕಡೆ. ಸೈನ್ಯದವರ ಕಸರತ್ತಾಗಿದ್ದದ್ದು 1897ರಲ್ಲಿ ನಾರ್ವೆಯಲ್ಲಿ ಸಾರ್ವಜನಿಕರ ಸ್ಪರ್ಧೆಯಾಯಿತು. ಅಲ್ಲಿ ಯಾಕೆ ಹುಟ್ಟಿತು ಅನ್ನೋದಕ್ಕೆ ನನ್ನದೊಂದು ಸಿದ್ಧಾಂತವಿದೆ. ಅಲ್ಲಿ ಕಾಡು ಬಹಳ, ಜನ ಕಡಿಮೆ. ದಾರಿ ತಪ್ಪಿದರೆ ಕೇಳೋಣ ಅಂದರೂ ನರಪಿಳ್ಳೆ ಇಲ್ಲ. ಪಾಪ, ನಕ್ಷೆ ನೋಡದೆ ಏನು ಮಾಡ್ತಾರೆ? ನಮ್ಮ ಬೀದರಿನಲ್ಲಿ ಇದು ಹುಟ್ಟುವ ಸಾಧ್ಯತೆಯೇ ಇರಲಿಲ್ಲ. ಇಲ್ಲಿ ಮನುಷ್ಯ ದಾರಿ ತಪ್ಪಬೇಕೆಂದರೂ ಜನ ಬಿಡುವುದಿಲ್ಲ. ಆಟದ ನಿಯಮವೋ, ಹೊರಗಿನವರ ಸಹಾಯ ಪಡೆಯಕೂಡದು ಅನ್ನುತ್ತದೆ. ಪಡೆಯದಿರುವುದು ನಮ್ಮ ಕೈಯಲ್ಲಿದ್ದರಲ್ಲವೆ?

ನನ್ನ ಮೊದಲ ಸ್ಪರ್ಧೆ ಹಳೇ ಊರಿನ ಗಲ್ಲಿಗಳಲ್ಲಿ ಆಯಿತು. ಚೌಬಾರಾದಿಂದ ಶುರು. 71 ಅಡಿ ಎತ್ತರದ ಆ ಗುಂಡನೆಯ ಗೋಪುರದ ಸುತ್ತ ನಾಲ್ಕು ದಿಕ್ಕಿಗೂ ರಸ್ತೆ ಹೋಗುತ್ತವೆ. ನಾನು ಐದನೆಯದನ್ನು ಹುಡುಕಿ ಹಿಡಿದೆ. ಅದು ಒಬ್ಬರ ಮನೆಯ ಹಿತ್ತಲಲ್ಲಿ ಮುಗಿಯಿತು. ಅಲ್ಲಿ ಶಾವಿಗೆ ಒಣಹಾಕುತ್ತಿದ್ದ ಅಜ್ಜಿ, "ಯಾರ ಮನಿ ಬೇಕಾಗಿತ್ತಪ್ಪ?" ಅಂದಳು. "ಯಾರ ಮನೀನೂ ಬ್ಯಾಡ ಆಯಿ" ಅಂದೆ. ತಪ್ಪಾಯಿತು. ಬೆಳಗ್ಗೆ ಏಳಕ್ಕೆ ಕೈಯಲ್ಲಿ ಕಾಗದ ಹಿಡಿದು, ಯಾರ ಮನೆಯೂ ಬೇಡ ಅನ್ನುತ್ತ ಗಲ್ಲಿ ಸುತ್ತುವವನು ಒಂದೋ ಕಳ್ಳ, ಇಲ್ಲವೇ ಮನೆ ಕರ ವಸೂಲಿಯವನು. ಅಜ್ಜಿ ಎರಡನೆಯದೇ ಇರಬೇಕೆಂದುಕೊಂಡು ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಹೊರಬಿದ್ದು ಒಂದು ಕಡೆ ಅರ್ಧ ನಿಮಿಷ ನಕ್ಷೆ ನೋಡುತ್ತ ನಿಂತೆ. ಅಷ್ಟೇ. ನಾಲ್ಕು ಜನ ಕೂಡಿದರು. ಐದನೆಯದಾಗಿ ಆಟೋ ಬಂತು. "ಎಲ್ಲಿಗಿ ಹೋಗಬೇಕ್ರಿ?" ನಾನು ಬಾಯಿ ಬಿಡಲಿಲ್ಲ. ನಿಯಮ. ಒಬ್ಬ ನಕ್ಷೆಯೊಳಗೆ ತಲೆ ಹಾಕಿ, "ಮದರಸಾ ಹುಡುಕ್ಲತ್ತಾರ ನೋಡು ಇವರು" ಅಂದ. ಆಟೋದವನು ನಕ್ಕು, "ಸಾಬ್, ಹಿಂದ ತಿರುಗ್ರಿ" ಅಂದ. ತಿರುಗಿದೆ. 1472ರಲ್ಲಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾ, ಉಳಿದಿರುವ ಒಂದೇ ಮಿನಾರನ್ನು ಎತ್ತಿಕೊಂಡು, ನೀಲಿ ಹೆಂಚುಗಳ ಸಮೇತ ನನ್ನ ಬೆನ್ನಿಗೆ ನಿಂತಿತ್ತು. ಅಂಥದ್ದೊಂದು ಕಟ್ಟಡ ಕಾಣದವನು ಅಂಗೈಯಗಲದ ಬಾವುಟ ಹುಡುಕಲು ಹೊರಟಿದ್ದ. ಬಾವುಟವೇನೋ ಎದುರಿನ ಚಹಾದಂಗಡಿಯ ಕಂಬಕ್ಕೆ ಕಟ್ಟಿತ್ತು. (ಸ್ಮಾರಕಗಳಿಗೆ ಒಂದು ದಾರವನ್ನೂ ಕಟ್ಟಕೂಡದು ಅಂತ ಫೌಜಿ ಸಾಬರ ಹುಕುಂ.) ಆ ದಿನ ನಾನೇ ಕೊನೆಯವನು. ಆದರೆ ಕೊನೆಯವನಿಗೂ ಸೊನ್ನೆಗಿಂತ ಮೇಲೆ ಅಂಕ ಬಂದಿತ್ತು ಅನ್ನೋದನ್ನು ಗಮನಿಸಬೇಕು.

ಆ ಅವಮಾನಕ್ಕೆ ಆನ್‌ಲೈನಿನಲ್ಲಿ ಒಳ್ಳೆಯ ಕಂಪಾಸೊಂದನ್ನು ತರಿಸಿದೆ. ಎರಡನೇ ಸ್ಪರ್ಧೆಗೆ ಇನ್ನೂ ಎರಡು ವಾರ ಇತ್ತು. ಮರೆಯಬಾರದು ಅಂತ ಆಫೀಸ್ ಬ್ಯಾಗಿನ ಒಂದೇ ಜೇಬಿನಲ್ಲಿ ಮೊಬೈಲ್ ಜೊತೆ ಇಟ್ಟುಕೊಂಡು ತಿರುಗಿದೆ. ನನ್ನ ಮೊಬೈಲಿಗೆ ಪುಸ್ತಕದಂತೆ ಮಡಚುವ ಕವರ್ ಇದೆ, ಮುಚ್ಚಿದರೆ ಟಪ್ಪಂತ ಅಂಟಿಕೊಳ್ಳುತ್ತದೆ. ಇದನ್ನು ಈಗ ಯಾಕೆ ಹೇಳಿದೆ ಅಂತ ಆಮೇಲೆ ತಿಳಿಯುತ್ತದೆ.

ಎರಡನೇ ಸ್ಪರ್ಧೆ ಊರಾಚೆಯ ಬಯಲಿನಲ್ಲಿ. 12 ಬಾವುಟ, ಒಂದಕ್ಕೆ 10 ಅಂಕ, ಯಾವುದನ್ನು ಬೇಕಾದರೂ ಮೊದಲು ಹಿಡಿಯಬಹುದು, ಸಮಯ 90 ನಿಮಿಷ. ತಡವಾದರೆ ನಿಮಿಷಕ್ಕೆ 5 ಅಂಕ ಕಡಿತ. ಬಾವುಟದ ಪಕ್ಕದಲ್ಲಿ ಸೂಜಿಹಲ್ಲಿನ ಒಂದು ಪಂಚ್ ನೇತಾಡುತ್ತಿರುತ್ತದೆ, ಅದನ್ನು ನಮ್ಮ ಕಾರ್ಡಿಗೆ ಒತ್ತಿಕೊಂಡು ಬರಬೇಕು. ಒಂದೊಂದು ಪಂಚಿನ ತೂತಿನ ರಂಗೋಲಿ ಒಂದೊಂದು ತರಹ, ಮೋಸ ನಡೆಯುವುದಿಲ್ಲ.

ರಸ್ತೆ ಬದಿಯಲ್ಲೇ ಇದ್ದ ಎರಡು ಬಾವುಟಗಳು ಹತ್ತು ನಿಮಿಷದಲ್ಲಿ ಸಿಕ್ಕವು. ಎದೆ ಉಬ್ಬಿತು. ಮೂರನೆಯದು ಉತ್ತರಕ್ಕೆ, ಗುಡ್ಡದ ಮೇಲೆ. ಕಂಪಾಸ್ ತೆಗೆದೆ. ಕೆಂಪು ಮುಳ್ಳು ತೋರಿದ್ದೇ ಉತ್ತರ. ತೋರಿದ ಕಡೆ ಓಡಿದೆ.

ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಅನುಮಾನಗಳು ಬಂದವು, ಬಂದಷ್ಟೇ ಬೇಗ ನಾನು ಅವಕ್ಕೆ ಸಮಾಧಾನ ಹೇಳಿ ಕಳಿಸಿದೆ. ನಕ್ಷೆಯಲ್ಲಿ ಕಂದು ಗೆರೆಗಳು ಏರನ್ನು ತೋರಿಸುತ್ತಿವೆ, ನಾನು ಇಳಿಯುತ್ತಿದ್ದೇನೆ. ಇರಲಿ, ಏರುವ ಮುಂಚೆ ಸ್ವಲ್ಪ ಇಳಿಯಬೇಕಾಗುತ್ತದೆ. ಬಲಕ್ಕೆ ಇರಬೇಕಾದ ಬೆಳಗಿನ ಸೂರ್ಯ ಎಡಗೆನ್ನೆ ಸುಡುತ್ತಿದ್ದಾನೆ. ಇರಲಿ, ಚಳಿಗಾಲ. ನಕ್ಷೆಯಲ್ಲಿ ಬಾವಿ ಇದೆ, ಅಗೋ ಬಾವಿ! ನಕ್ಷೆಯಲ್ಲಿ ಗುಡಿ ಇದೆ, ಅಗೋ ಹನುಮಪ್ಪನ ಗುಡಿ! ಇನ್ನೇನು ಬೇಕು ಸಾಕ್ಷಿ? ನಮ್ಮ ಕಡೆ ಬಾವಿ ಇಲ್ಲದ ಹೊಲ, ಹನುಮಪ್ಪ ಇಲ್ಲದ ಊರು ಎಲ್ಲಿದೆ ಅನ್ನುವ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ಯಾರೂ ನನಗೆ ಕೇಳಲಿಲ್ಲ.

ಕಡಲೆ ಹೊಲದ ಬದುವಿನ ಮೇಲೆ ನಕ್ಷೆ ಬಿಚ್ಚಿ ನಿಂತಿದ್ದಾಗ ಹಿಂದಿನಿಂದ ದನಿ ಬಂತು.

"ಬಂದ್ರೇನ್ರಿ ಸಾಹೇಬ್ರೇ! ನಿನ್ನಿಂದ ಹಾದಿ ನೋಡ್ಲತ್ತೀನಿ."

ಧೋತರ ಎತ್ತಿ ಕಟ್ಟಿದ, ತಲೆಗೆ ಟವೆಲ್ ಸುತ್ತಿದ ಕಾಕಾ ಒಬ್ಬರು ಸುಲಿಗಾಯಿಯ ಹಸಿ ಕಡಲೆ ತಿನ್ನುತ್ತ ಬಂದರು. "ನಿನ್ನಿ ಒಬ್ರು ನಮ್ಮ ಹುಣಸಿ ಗಿಡಕ್ಕ ಅರಿವಿ ಕಟ್ಟಿ ಹೋದ್ರು. ಇವತ್ತು ನೀವು ನಕ್ಷಾ ಹಿಡ್ಕೊಂಡು ಬಂದೀರಿ. ಖರೇ ಹೇಳ್ರಿ, ರಸ್ತಾ ನಮ್ಮ ಹೊಲದಾಗ ಹಾದು ಹೋಗ್ತದೇನು?"

ನಾನು ಸರ್ವೇಯವನಲ್ಲ, ಇದು ಆಟ ಅಂದೆ. ಎಷ್ಟು ದೊಡ್ಡ ಮನುಷ್ಯನಿದ್ದಾನೆ ಅಂತ ನನ್ನ ಅರ್ಧ ಚಡ್ಡಿಯಿಂದ ಬಿಳಿ ಕೂದಲಿನವರೆಗೂ ನೋಡಿದರು. ನಂಬಲಿಲ್ಲ. "ಆಟ ಆಗ್ಲಿ. ನಮ್ಮ ತಮ್ಮ ಬದು ಒತ್ತಿಕೊಂಡಾನ. ಹದ್ದುಬಸ್ತಿಗಿ ಅರ್ಜಿ ಕೊಟ್ಟು ಕುಂತೀನಿ. ಅದರಾಗ ನಮ್ಮ ಬದು ಎಲ್ಲದ ನೋಡ್ರಿ" ಅಂತ ನಕ್ಷೆಯನ್ನು ಕೈಯಿಂದ ತೆಗೆದುಕೊಂಡರು.

ಆಗ ಅವರು ಮಾಡಿದ ಮೊದಲ ಕೆಲಸ ನಾನು ಮರೆಯುವುದಿಲ್ಲ. ಒಂದು ಸಲ ಗುಡ್ಡದ ಕಡೆ ನೋಡಿದರು, ಒಂದು ಸಲ ನಾಲಾ ಕಡೆ ನೋಡಿದರು, ನಕ್ಷೆಯನ್ನು ಸರಕ್ಕನೆ ತಲೆಕೆಳಗು ತಿರುಗಿಸಿ ಹಿಡಿದರು. ನೆಲ ಹೇಗಿದೆಯೋ ಹಾಗೆ ನಕ್ಷೆ ತಿರುಗಿಸಿ ಹಿಡಿಯೋದು ಈ ಆಟದ ಮೊದಲ ಪಾಠ. ಫೌಜಿ ಸಾಬ್ ನನಗೆ ಮೂರು ಭಾನುವಾರ ಹೇಳಿಕೊಟ್ಟಿದ್ದರು. ಕಡಲೆ ಸಿಪ್ಪೆಯ ಹುಳಿ ಅಂಟಿದ ಹೆಬ್ಬೆರಳು ನಕ್ಷೆಯ ಮೇಲೆ ಸರಿಯಿತು. "ಇದು ನಾಲಾ. ಇದು ಬಾವಿ. ಈ ಹಳದಿ ನಮ್ಮ ಹೊಲ. ಇದು ಹುಣಸಿ ಗಿಡ. ಇಲ್ಲಿ ಕೆಂಪು ಗುಂಡು ಹಾಕಿ 7 ಅಂತ ಯಾಕ ಬರದಾರ?"

ಏಳನೇ ಬಾವುಟ! ಮೂರನೆಯದನ್ನು ಹುಡುಕುತ್ತ ನಾನು ಏಳನೆಯದರ ಹತ್ತಿರ ಬಂದಿದ್ದೆ. ಅಂದರೆ ದಕ್ಷಿಣದ ಕೊನೆಗೆ.

"ಆದ್ರ ಕಾಕಾ, ನಾನು ಉತ್ತರಕ್ಕ ಬಂದೀನಿ. ನೋಡ್ರಿ ಕಂಪಾಸ್."

ಕಾಕಾ ಕಂಪಾಸ್ ನೋಡಿದರು, ಸೂರ್ಯನನ್ನು ನೋಡಿದರು. "ಸಾಹೇಬ್ರೇ, ಸೂರ್ಯ ಎಂದಿನ ಕಡಿನೇ ಹುಟ್ಯಾನ. ನಿಮ್ಮ ಡಬ್ಬಿ ಸುಳ್ಳು ಹೇಳ್ಲತ್ತದ."

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಎರಡೂ ಅರ್ಥದಲ್ಲಿ.

"ಆ ಅರಿವಿನೇ ಬೇಕೇನು ನಿಮಗ? ಬರ್ರಿ, ತೋರಿಸ್ತೀನಿ" ಅಂತ ಹೊರಟೇಬಿಟ್ಟರು.

"ಬ್ಯಾಡ, ತೋರ್ಸಬ್ಯಾಡ್ರಿ ಕಾಕಾ!" ಅಂತ ಕೂಗಿದೆ.

ನಿಂತರು. "ಯಾಕ?"

"ನಾನೇ ಹುಡುಕಬೇಕು."

"ಎಲ್ಲದ ಅಂತ ನನಗ ಗೊತ್ತದ. ನಿಮಗ ಬೇಕಾಗ್ಯಾದ. ತೋರ್ಸಬ್ಯಾಡ ಅಂತೀರಿ?"

"ಹೌದ್ರಿ, ನಿಯಮ ಅದ."

ಕಾಕಾ ಬಹಳ ಹೊತ್ತು ಯೋಚಿಸಿದರು. "ಊಟ ಮಾಡೀರೇನು?" ಅಂದರು. ಮನುಷ್ಯ ಹೀಗೆ ಮಾತಾಡುವುದಕ್ಕೆ ಬೇರೆ ಕಾರಣ ಅವರಿಗೆ ಹೊಳೆಯಲಿಲ್ಲ.

ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಒಂದು ಹಿಡಿ ಹಸಿ ಕಡಲೆ. ಊಟ ಸಹಾಯದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ನಿಯಮಗಳಲ್ಲಿ ನೆನಪು ಮಾಡಿಕೊಂಡೆ. ಸ್ಪಷ್ಟವಿರಲಿಲ್ಲ. ತಿಂದೆ. ತಿಂದ ಋಣಕ್ಕೆ ಬದುವಿನ ಉದ್ದಕ್ಕೂ ನಡೆದು, ತಮ್ಮ ಎಲ್ಲಿ ಎರಡು ಮೊಳ ಒತ್ತಿದ್ದಾನೆ, ಬಾಂದುಕಲ್ಲು ಮೊದಲು ಎಲ್ಲಿತ್ತು, ಈಗ ಹೇಗೆ ಅದಕ್ಕೆ ಕಾಲು ಬಂದಿದೆ, ಎಲ್ಲ ಕೇಳಿದೆ. ನಡುನಡುವೆ ಗಂಭೀರವಾಗಿ ನಕ್ಷೆ ನೋಡಿದೆ. ಅಷ್ಟಾದ ಮೇಲೆ ಹುಣಸೆ ಗಿಡ ಹುಡುಕಲು ಒಬ್ಬನೇ ಹೊರಟೆ. ಕಾಕಾ ಮಾತು ಕೊಟ್ಟಂತೆ ತೋರಿಸಲಿಲ್ಲ. ಬದುವಿನ ಮೇಲೆ ಕುಂತು, ನಾನು ತಪ್ಪು ಕಡೆ ತಿರುಗಿದಾಗಲೆಲ್ಲ ಜೋರಾಗಿ ಕೆಮ್ಮಿದರು. ಪ್ರಾಮಾಣಿಕನಾದ ನಾನು ಕೆಮ್ಮನ್ನು ಕಿವಿಗೆ ಹಾಕಿಕೊಳ್ಳದೆ ನಡೆದೆ. ಹಾಗಾಗಿ ಗಿಡ ಸಿಗಲಿಲ್ಲ.

ಗಡಿಯಾರ ನೋಡಿದಾಗ 90 ನಿಮಿಷ ಎಂದೋ ಮುಗಿದಿತ್ತು. ಕೆಂಪು ಮುಳ್ಳಿಗೆ ಬೆನ್ನು ತಿರುಗಿಸಿ ಓಡಿ, 31 ನಿಮಿಷ ತಡವಾಗಿ ಮುಟ್ಟಿದೆ. 20 ಅಂಕ ಗಳಿಕೆ, 155 ಕಡಿತ. ಬೀದರಿನ ನೆಲವೆಲ್ಲ ಜಂಬಿಟ್ಟಿಗೆ, ಅದರಲ್ಲಿ ಕಬ್ಬಿಣವಿದೆ, ಅದೇ ಮುಳ್ಳನ್ನು ಎಳೆದಿದೆ ಅಂತ ವಾದಿಸಿದೆ. ಫೌಜಿ ಸಾಬ್ ನನ್ನ ಬ್ಯಾಗ್ ತೆರೆದರು. ಮೊಬೈಲ್ ಕವರನ್ನು ಎರಡು ಬೆರಳಲ್ಲಿ ಎತ್ತಿ ಟಪ್ಪಂತ ಮುಚ್ಚಿದರು. "ಇದರಾಗ ಮ್ಯಾಗ್ನೆಟ್ ಅದ. ನಿಮ್ಮ ಕಂಪಾಸಿನ ಮುಳ್ಳೂ ಮ್ಯಾಗ್ನೆಟ್ಟೇ. ಎರಡು ವಾರ ಎರಡನ್ನೂ ಒಂದೇ ಜೇಬಿನಾಗ ಇಟ್ಟೀರಿ. ಮುಳ್ಳಿನ ತಲಿ-ಬಾಲ ಅದಲುಬದಲಾಗ್ಯದ." ಎರಡು ವಾರ ಜೊತೆಗಿದ್ದದ್ದಕ್ಕೇ ತಲೆ ತಿರುಗಿತು ಅನ್ನೋದನ್ನು ಮನೆಯಲ್ಲಿ ಹೇಳಬಾರದು ಅಂತ ಅಲ್ಲೇ ತೀರ್ಮಾನಿಸಿದೆ. ನಮ್ಮ ಮದುವೆಯಾಗಿ 22 ವರ್ಷ.

ಅಷ್ಟರಲ್ಲಿ ಟಿವಿಎಸ್ ಗಾಡಿಯೊಂದು ಧೂಳೆಬ್ಬಿಸಿಕೊಂಡು ಬಂತು. ಕಾಕಾ! ನಾನು ಬಿಟ್ಟು ಬಂದ ನೀರಿನ ಬಾಟಲಿ ಹ್ಯಾಂಡಲಿಗೆ ತೂಗಾಡುತ್ತಿತ್ತು. ಇಳಿದವರೇ ಧೋತರದ ಮಡಿಲಿನಿಂದ ಬಿಳಿ-ಕಿತ್ತಳೆ ಬಟ್ಟೆ ತೆಗೆದು, ಪಂಚ್ ಸಮೇತ ನನ್ನ ಕೈಗಿಟ್ಟರು.

"ತೋರ್ಸಬ್ಯಾಡ ಅಂದ್ರಿ, ತೋರಿಸ್ಲಿಲ್ಲ. ಬಿಚ್ಚಿಕೊಂಡೇ ತಂದೀನಿ. ಏನ್ ಕಟ್ಟೀರೋ ಮಾರಾಯ, ಗಂಟು ಬಿಚ್ಚಲಿಕ್ಕಿ ಹಲ್ಲೇ ಹಚ್ಚಬೇಕಾಯ್ತು."

ಯಾರೂ ಮಾತಾಡಲಿಲ್ಲ. ಸಮಯ ಮುಗಿದರೂ ನಾಲ್ಕು ಜನ ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲೇಜಿನ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಬಂದಳು. "ಸರ್, ಏಳನೇದು ಅಲ್ಲಿಲ್ಲ. ಆ ಹುಣಸಿ ಗಿಡಕ್ಕ ಸುತ್ತು ಹಾಕಿ ಹಾಕಿ ತಲಿ ತಿರುಗಿತು."

"ಎಲ್ಲಿಂದ ಇರ್ತದವ್ವ? ಇಲ್ಲೇ ಅದ ನೋಡು" ಅಂದರು ಕಾಕಾ, ಬಹಳ ಪ್ರೀತಿಯಿಂದ.

ಆಮೇಲೆ ಮೈಮೇಲಿನ ಬಂಡಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಇನ್ನೊಂದು ಪ್ಲಾಸ್ಟಿಕ್ ಚೀಲ ಬಿಚ್ಚಿ, ನಾಲ್ಕು ಮಡಿಕೆಯ ಪಹಣಿಯನ್ನೂ ಹೊಲದ ನಕಾಶೆಯನ್ನೂ ಫೌಜಿ ಸಾಬರ ಮುಂದೆ ಹರಡಿದರು. "ದೊಡ್ಡ ಸಾಹೇಬ್ರು ನೀವೇ ಅಂತ ಕಾಣ್ತದ. ಬದು ಯಾವಾಗ ಅಳೀತೀರಿ?"

ಫೌಜಿ ಸಾಬ್ ಉಸಿರೊಂದನ್ನು ಬಿಟ್ಟು, ಕನ್ನಡಕ ಏರಿಸಿದರು. "ಮೊದಲು ಉತ್ತರ ಯಾವ ಕಡಿ ಅದ ನೋಡೋಣು" ಅಂತ ನನ್ನ ಕಂಪಾಸಿಗೆ ಕೈ ಚಾಚಿದರು.

"ಬ್ಯಾಡ ಬ್ಯಾಡ" ಅಂದರು ಕಾಕಾ, ನಕಾಶೆಯ ಮೇಲೆ ಎರಡೂ ಕೈ ಇಟ್ಟು. "ಅವರದು ಬ್ಯಾಡ."